ಇದಿರ ಹಳಿಯದ ಬದುಕು: ಶರಣರ ದಾರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಸೋಮವಾರ ಸಂಜೆ ನಮ್ಮ ಬಡಾವಣೆಯಲ್ಲಿ ಹತ್ತು-ಹನ್ನೆರಡು ಜನ ಸೇರಿ ವಚನ ಓದುತ್ತೇವೆ. ಓದು ಅರ್ಧ ಗಂಟೆ, ಮಾತು ಒಂದೂವರೆ ಗಂಟೆ. ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನ ಅಲ್ಲಿ ಎಷ್ಟು ಸಲ ಬಂದುಹೋಗಿದೆಯೋ ಲೆಕ್ಕವಿಲ್ಲ. ಅದರಲ್ಲಿಯೂ ‘ಇದಿರ ಹಳಿಯಲು ಬೇಡ’ ಎಂಬ ಒಂದು ಮಾತಿನ ಮೇಲೆ ಎದ್ದಷ್ಟು ಪ್ರಶ್ನೆಗಳು ಬೇರೆ ಯಾವುದರ ಮೇಲೂ ಎದ್ದಿಲ್ಲ. ಇನ್ನೊಬ್ಬರನ್ನು ಅಳೆದು ತೂಗಿ ಕೀಳೆಂದು ತಳ್ಳುವ ಅಭ್ಯಾಸವನ್ನು ಬಿಟ್ಟು, ಪೂಜೆ, ಕಾಯಕ, ದಾಸೋಹಗಳ ಮೇಲೆ ನಿಂತ ಬದುಕನ್ನು ಆರಿಸಿಕೊಳ್ಳಬೇಕೆನ್ನುವವರು ಕೇಳಿದ ಆ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ, ಓದಿ ತಿಳಿದದ್ದನ್ನೂ ಬದುಕಿ ಕಂಡದ್ದನ್ನೂ ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ‘ಇದಿರ ಹಳಿಯಲು ಬೇಡ’ ಎಂದರೆ ಸರಿಯಾಗಿ ಏನು?

‘ಇದಿರು’ ಎಂದರೆ ಎದುರಿಗಿರುವವರು, ನಮ್ಮನ್ನು ಬಿಟ್ಟು ಉಳಿದ ಎಲ್ಲರೂ. ‘ಹಳಿ’ ಎಂದರೆ ನಿಂದಿಸು, ಹೀಗಳೆ. ಈ ವಚನದಲ್ಲಿ ಏಳು ‘ಬೇಡ’ಗಳಿವೆ: ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ. ಮೊದಲ ಮೂರನ್ನು ಓದುವಾಗ ನಮಗೆ ಅಷ್ಟೇನೂ ಅಳುಕಾಗುವುದಿಲ್ಲ. ಕಳವು ಮಾಡಿಲ್ಲ, ಕೊಲೆ ಮಾಡಿಲ್ಲ, ಸುಳ್ಳನ್ನೂ ಆದಷ್ಟು ಹೇಳುವುದಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಆಮೇಲಿನ ನಾಲ್ಕು ಹಾಗಲ್ಲ. ಅವು ಬೆಳಗಿನ ಚಹಾ ಮುಗಿಯುವುದರೊಳಗೇ ನಮ್ಮನ್ನು ಹಿಡಿದುಬಿಡುತ್ತವೆ.

ಆ ನಾಲ್ಕನ್ನು ಬಿಡಿಬಿಡಿಯಾಗಿ ಓದದೆ ಒಂದೇ ಸರಪಳಿಯ ಕೊಂಡಿಗಳೆಂದು ಓದಿದಾಗ ನನಗೆ ವಚನ ತೆರೆದುಕೊಂಡಿತು. ಯಾರ ಮೇಲೋ ಮುನಿಸು ಹುಟ್ಟುತ್ತದೆ. ಮುನಿಸು ಒಳಗೇ ಉಳಿದರೆ ಆ ಮನುಷ್ಯನನ್ನು ಕಂಡರಾಗದು ಎಂಬ ಅಸಹ್ಯವಾಗುತ್ತದೆ. ಅಸಹ್ಯ ಬಲಿತಾಗ ‘ನಾನಂತೂ ಹಾಗಿಲ್ಲ’ ಎಂದು ಮನಸ್ಸು ತನ್ನನ್ನು ತಾನೇ ಬಣ್ಣಿಸಿಕೊಳ್ಳುತ್ತದೆ. ಬಣ್ಣಿಸಿಕೊಂಡ ಮೇಲೆ ಬಾಯಿ ಹಳಿಯದೆ ಇರಲಾರದು. ಆದ್ದರಿಂದ ಹಳಿಯುವುದನ್ನು ನಾಲಿಗೆಯ ತುದಿಯಲ್ಲಿ ನಿಲ್ಲಿಸಲು ಹೋದರೆ ತಡವಾಗಿರುತ್ತದೆ. ಈ ಏಳನ್ನು ವಚನವು ಅಂತರಂಗಶುದ್ಧಿಯೆಂದೂ ಬಹಿರಂಗಶುದ್ಧಿಯೆಂದೂ ಒಂದೇ ಉಸಿರಿನಲ್ಲಿ ಕರೆಯುವುದು ಸುಮ್ಮನೆ ಅಲ್ಲ. ಹೊರಗಿನ ಮಾತು ಒಳಗಿನ ಭಾವದಿಂದ ಬೇರೆಯಲ್ಲ ಎಂಬುದೇ ಅದರ ತಾತ್ಪರ್ಯ.

ಪ್ರಶ್ನೆ: ಸರಿ ಯಾವುದು, ತಪ್ಪು ಯಾವುದು ಎಂದು ನೋಡುವುದನ್ನೂ ಬಿಡಬೇಕೆ?

ಖಂಡಿತ ಬಿಡಬಾರದು. ತೂಕದಲ್ಲಿ ಮೋಸ ಮಾಡುವ ಅಂಗಡಿಯವನನ್ನು ಕಂಡು ‘ಇಲ್ಲಿ ತೂಕ ಸರಿಯಿಲ್ಲ, ಇನ್ನು ಇಲ್ಲಿ ಕೊಳ್ಳಬಾರದು’ ಎಂದುಕೊಳ್ಳುವುದು ವಿವೇಕ. ‘ಇವರ ಜಾತಿಯೇ ಇಷ್ಟು, ಇವರ ವಂಶವೇ ಇಷ್ಟು’ ಎಂದು ಮುಂದುವರಿದರೆ ಅದು ಹಳಿಯುವುದು. ಮೊದಲನೆಯದು ಒಂದು ಕೆಲಸದ ಬಗ್ಗೆ ಹೇಳುತ್ತದೆ ಮತ್ತು ಅಲ್ಲಿಗೇ ನಿಲ್ಲುತ್ತದೆ; ಎರಡನೆಯದು ಒಬ್ಬ ಮನುಷ್ಯನ ಇಡೀ ಬದುಕಿನ ಮೇಲೆ ಮುದ್ರೆ ಒತ್ತುತ್ತದೆ. ಮುದ್ರೆ ಒತ್ತುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು ಎಂಬುದು ಶರಣರ ಪ್ರಶ್ನೆ.

ಕಲ್ಯಾಣದ ಅಯ್ದಕ್ಕಿ ಮಾರಯ್ಯ-ಲಕ್ಕಮ್ಮರ ಪ್ರಸಂಗ ಈ ವ್ಯತ್ಯಾಸವನ್ನು ನಾನು ಕಂಡ ಯಾವ ವಿವರಣೆಗಿಂತಲೂ ಚೆನ್ನಾಗಿ ತೋರಿಸುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಲ್ಲಿ ಅಡುಗೆ ಮಾಡಿ ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಇಡಲಿಲ್ಲ. ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಕೇಳಿ, ಹೆಚ್ಚಿನದನ್ನು ಹೋಗಿ ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಅವಳು ಗಂಡನನ್ನು ದುರಾಸೆಯವನೆಂದು ಕರೆಯಲಿಲ್ಲ. ಕೈಯಲ್ಲಿದ್ದ ಹೆಚ್ಚಿನ ಅಕ್ಕಿಯನ್ನಷ್ಟೇ ನೋಡಿದಳು, ಅದಕ್ಕೆ ಆಗಬೇಕಾದದ್ದನ್ನು ಹೇಳಿದಳು; ಅವನು ಹಿಂತಿರುಗಿಸಿದ ಮೇಲೆ ಮಾತು ಮುಗಿಯಿತು. ಇನ್ನೂ ಒಂದು ಸಂಗತಿಯಿದೆ: ಅವಳು ಆ ಕಟ್ಟುನಿಟ್ಟನ್ನು ತನ್ನ ಮನೆಯ ಹೊಸ್ತಿಲೊಳಗೆ ಇಟ್ಟುಕೊಂಡಳು, ಪಕ್ಕದ ಮನೆಯವರು ಎಷ್ಟು ಅಕ್ಕಿ ತಂದರೆಂದು ಇಣುಕಿ ನೋಡಲಿಲ್ಲ.

ಪ್ರಶ್ನೆ: ಹಾಗಾದರೆ ಅನ್ಯಾಯವನ್ನು ಕಂಡರೂ ಬಾಯಿ ಮುಚ್ಚಿಕೊಂಡಿರಬೇಕೆ?

ಬಳಗದಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ಹೆಚ್ಚಾಗಿ ಕೇಳುವವರು ಹೆಣ್ಣುಮಕ್ಕಳು, ಮತ್ತು ಅವರು ಕೇಳುವುದರ ಹಿಂದೆ ಬಹಳ ಸಲ ನೊಂದ ಅನುಭವವಿರುತ್ತದೆ. ‘ಯಾರನ್ನೂ ಹಳಿಯಬೇಡ, ಹೊಂದಿಕೊಂಡು ಹೋಗು’ ಎಂಬ ಬುದ್ಧಿಮಾತನ್ನು ಹೊಡೆಸಿಕೊಂಡವರಿಗೆ ಹೇಳಿ, ಹೊಡೆದವರಿಗೆ ಏನೂ ಹೇಳದೆ ಬಿಡುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಆದ್ದರಿಂದ ಇದಕ್ಕೆ ಸ್ಪಷ್ಟವಾಗಿಯೇ ಉತ್ತರಿಸುತ್ತೇನೆ: ಅನ್ಯಾಯವನ್ನು ಸಹಿಸಿಕೊಂಡಿರು ಎಂದು ಶರಣರು ಎಲ್ಲಿಯೂ ಹೇಳಿಲ್ಲ.

ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಪಂಚಾಚಾರಗಳಲ್ಲಿ ಗಣಾಚಾರವು ಅಧರ್ಮದ ಎದುರು ಗಟ್ಟಿಯಾಗಿ ನಿಲ್ಲುವುದನ್ನೇ ಕರ್ತವ್ಯವೆನ್ನುತ್ತದೆ. ಅದರ ಎರಡು ಬದಿಗೂ ಇರುವ ಆಚಾರಗಳು ಯಾವುವೆಂದು ನೋಡಬೇಕು. ಹಿಂದೆ ಶಿವಾಚಾರವಿದೆ: ಕುಲ, ಕಸುಬು, ಅಂತಸ್ತುಗಳನ್ನು ನೋಡದೆ ಭಕ್ತರೆಲ್ಲರನ್ನೂ ಸಮಾನರೆಂದು ಕಾಣುವುದು. ಮುಂದೆ ಭೃತ್ಯಾಚಾರವಿದೆ: ತನ್ನನ್ನು ಎಲ್ಲರ ಸೇವಕನೆಂದು ತಿಳಿಯುವುದು. ಸಮಾನತೆ ಮತ್ತು ವಿನಯ ಎಂಬ ಎರಡು ಗೋಡೆಗಳ ನಡುವೆ ನಿಂತಾಗ ಮಾತ್ರ ಪ್ರತಿಭಟನೆ ಹಳಿಯುವಿಕೆಗೆ ಜಾರುವುದಿಲ್ಲ ಎಂದು ನಾನು ಈ ಕ್ರಮವನ್ನು ಅರ್ಥ ಮಾಡಿಕೊಂಡಿದ್ದೇನೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಹುಟ್ಟಿನಿಂದ ಬ್ರಾಹ್ಮಣರಾಗಿದ್ದ ಮಧುವರಸರ ಮಗಳಿಗೂ, ಸಮಗಾರ ಕುಲದಲ್ಲಿ ಹುಟ್ಟಿದ ಹರಳಯ್ಯನವರ ಮಗನಿಗೂ ನಡೆದ ಮದುವೆಯನ್ನು ಕಲ್ಯಾಣವನ್ನು ಆಳುತ್ತಿದ್ದ ಬಿಜ್ಜಳನ ರಾಜ್ಯ ಸಹಿಸಲಿಲ್ಲ. ಬೀಗರಿಬ್ಬರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಘೋರವಾದ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಆ ಮದುವೆ ಮಾಡಿಸಿದವರು ಯಾರನ್ನೂ ಬೈಯುತ್ತ ಕೂರಲಿಲ್ಲ. ಊರು ಕೀಳೆಂದು ತಳ್ಳಿದ್ದವರನ್ನು ಬೀಗರನ್ನಾಗಿ ಮಾಡಿಕೊಂಡರು, ಪಕ್ಕದಲ್ಲಿ ಕೂರಿಸಿಕೊಂಡು ಉಂಡರು. ಹಳಿಯುವುದಕ್ಕೆ ಅವರು ಕೊಟ್ಟ ಉತ್ತರ ಕೃತಿಯಲ್ಲಿತ್ತು.

ನಿಮ್ಮ ಮನೆಯಲ್ಲಿ ಯಾರಾದರೂ ನಿಮ್ಮನ್ನು ಹಿಂಸಿಸುತ್ತಿದ್ದರೆ, ಅದನ್ನು ಹಿಂಸೆ ಎಂದೇ ಕರೆಯಿರಿ, ಸಹಾಯ ಕೇಳಿ, ಅಗತ್ಯವಿದ್ದರೆ ಪೊಲೀಸರ ಬಳಿಗೂ ಹೋಗಿ. ನಡೆದದ್ದನ್ನು ನಡೆದಂತೆ ಹೇಳುವುದು ಹಳಿಯುವುದಾಗುವುದಿಲ್ಲ.

ಪ್ರಶ್ನೆ: ‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ಎಂದವರೇ ಲೋಕವನ್ನು ತಿದ್ದಲು ಹೊರಟರಲ್ಲ, ಇದು ವಿರೋಧಾಭಾಸವಲ್ಲವೆ?

ಮೇಲುನೋಟಕ್ಕೆ ಹಾಗೆ ಕಾಣುವುದು ನಿಜ. ಬಸವಣ್ಣನವರ ಆ ವಚನದ ಮುಂದಿನ ಸಾಲುಗಳು ತನುವನ್ನೂ ಮನವನ್ನೂ ಸಂತೈಸಿಕೊಳ್ಳಿ ಎನ್ನುತ್ತವೆ. ‘ತಿದ್ದಿಕೊಳ್ಳಿ’ ಎನ್ನುವ ಕಡೆ ‘ಸಂತೈಸಿಕೊಳ್ಳಿ’ ಎಂಬ ಪದ ಬಂದಿರುವುದನ್ನು ನಾನು ಬಹಳ ದಿನ ಗಮನಿಸಿರಲಿಲ್ಲ. ಅಳುವ ಮಗುವನ್ನು ಸಂತೈಸುತ್ತೇವೆ, ನೊಂದವರನ್ನು ಸಂತೈಸುತ್ತೇವೆ. ತನ್ನ ಮನಸ್ಸಿನ ಕಡೆಗೆ ಹಾಗೆ ಮೃದುವಾಗಿ ತಿರುಗಲು ಕಲಿತವರು ಲೋಕದ ಕಡೆಗೆ ದೊಣ್ಣೆ ಹಿಡಿದು ಹೋಗಲಾರರು. ತಾನು ಬದಲಾಗದೆ ಊರಿಗೆಲ್ಲ ಬುದ್ಧಿ ಹೇಳುವವರನ್ನು ಕುರಿತ ಮಾತು ಅದು. ತಾವು ಮೊದಲು ಬದಲಾದವರ ಸುತ್ತ ಲೋಕವೂ ಬದಲಾಗಲು ತೊಡಗಿದರೆ ಅದಕ್ಕೆ ಈ ವಚನ ಅಡ್ಡ ಬರುವುದಿಲ್ಲ.

ಪ್ರಶ್ನೆ: ಬಾಯಿಯನ್ನು ತಡೆಯಬಲ್ಲೆ, ಆದರೆ ಮನಸ್ಸಿನಲ್ಲಿ ತೀರ್ಪು ಬಂದೇ ಬರುತ್ತದೆ. ಏನು ಮಾಡಲಿ?

ಬರಲಿ. ಮೊದಲ ಯೋಚನೆ ನಮ್ಮ ಕೈಯಲ್ಲಿಲ್ಲ. ಅದು ನಾವು ಬೆಳೆದ ಮನೆ, ಕೇಳಿದ ಮಾತು, ಪಟ್ಟ ಪೆಟ್ಟುಗಳಿಂದ ತಾನಾಗಿ ಏಳುತ್ತದೆ. ಅದಕ್ಕೆ ಕುರ್ಚಿ ಹಾಕಿ ಕೂರಿಸುವುದು, ಎರಡನೆಯ ಮೂರನೆಯ ಯೋಚನೆಗಳನ್ನು ಅದರ ಸುತ್ತ ಕಟ್ಟುವುದು ಮಾತ್ರ ನಮ್ಮ ಕೈಯಲ್ಲಿದೆ.

ಒಂದು ಘಟನೆಯನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಮಠದ ಜಾತ್ರೆಯ ದಾಸೋಹದಲ್ಲಿ ಬಡಿಸುವ ಕೆಲಸಕ್ಕೆ ನಿಂತಿದ್ದೆ. ನನ್ನ ಕೈಯಲ್ಲಿ ಜೋಳದ ರೊಟ್ಟಿಯ ಬುಟ್ಟಿ. ಸಾಲಿನ ಕೊನೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಎರಡು ರೊಟ್ಟಿ ಹಾಕಿಸಿಕೊಂಡು, ಇನ್ನೆರಡು ಕೇಳಿ, ಅವನ್ನು ತಟ್ಟೆಯಲ್ಲಿ ಇಡದೆ ಹೆಗಲ ಮೇಲಿನ ಟವೆಲ್ಲಿನಲ್ಲಿ ಮಡಿಚಿಟ್ಟುಕೊಂಡರು. ಮುಂದಿನ ಸುತ್ತಿನಲ್ಲಿ ಮತ್ತೆ ಎರಡು ಕೇಳಿದರು, ಅವೂ ಟವೆಲ್ಲಿಗೇ ಹೋದವು. ‘ಒಳ್ಳೆ ಬಟ್ಟೆ ಹಾಕಿಕೊಂಡವರು ಹೀಗೆ ಕಟ್ಟಿಕೊಂಡು ಹೋಗಬಹುದೇ, ಹಿಂದಿನ ಪಂಕ್ತಿಯವರಿಗೆ ಸಾಲದಿದ್ದರೆ?’ ಎಂದು ನನ್ನೊಳಗೆ ಎದ್ದಿತು. ನಾನು ಬಾಯಿಬಿಡಲಿಲ್ಲ, ಆದರೆ ಮೂರನೆಯ ಸಲ ಅವರ ಮುಂದೆ ಬುಟ್ಟಿ ಬಗ್ಗಿಸದೆ ಮುಂದಕ್ಕೆ ಹೋದೆ. ಅವರು ಕತ್ತೆತ್ತಿ ನನ್ನನ್ನು ನೋಡಿ, ಟವೆಲ್ಲಿನ ಗಂಟನ್ನು ತೊಡೆಯ ಹಿಂದಕ್ಕೆ ಸರಿಸಿಕೊಂಡರು. ಆ ಕೈ ಸರಿದ ರೀತಿ ನನಗೆ ಇಂದಿಗೂ ಕಣ್ಣ ಮುಂದಿದೆ.

ಅವರು ಯಾಕೆ ಕಟ್ಟಿಕೊಂಡರೆಂಬುದು ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಮನೆಯಲ್ಲಿ ಯಾರಾದರೂ ಹಸಿದಿದ್ದರೋ, ರಾತ್ರಿಯ ಬಸ್ಸಿಗೆ ಬುತ್ತಿ ಬೇಕಿತ್ತೋ, ಬರಿಯ ಆಸೆಯೋ. ಮೂರನೆಯದೇ ಆಗಿದ್ದರೂ ದಾಸೋಹದಲ್ಲಿ ಬಡಿಸುವ ಕೈಗೆ ವಿಚಾರಣೆಯ ಕೆಲಸವಿಲ್ಲ ಎಂಬುದು ಆ ಪಂಕ್ತಿಯ ನಿಯಮ. ನನ್ನ ಬುಟ್ಟಿಯಲ್ಲಿ ಇನ್ನೂ ನಲವತ್ತು ರೊಟ್ಟಿಗಳಿದ್ದವು. ನಾನು ಬಾಯಿ ತಡೆದಿದ್ದೆ ನಿಜ, ಆದರೆ ಹಳಿಯುವ ಕೆಲಸವನ್ನು ಕೈ ಮಾಡಿ ಮುಗಿಸಿತ್ತು. ಅಂದಿನಿಂದ ತೀರ್ಪು ಎದ್ದಾಗಲೆಲ್ಲ ಒಂದೇ ಒಂದು ಪ್ರಶ್ನೆಯನ್ನು ಹಾಕಿಕೊಳ್ಳುವುದನ್ನು ರೂಢಿಸಿಕೊಂಡಿದ್ದೇನೆ: ಇಲ್ಲಿ ಈಗ ನನ್ನ ಕೆಲಸ ಯಾವುದು? ಬಡಿಸುವುದಾದರೆ ಬಡಿಸುತ್ತೇನೆ.

ಪ್ರಶ್ನೆ: ಬೆಳಗಿನ ಇಷ್ಟಲಿಂಗ ಪೂಜೆಗೂ ಇದಕ್ಕೂ ಏನು ಸಂಬಂಧ?

ನನ್ನ ಅನುಭವದಲ್ಲಿ ನೇರ ಸಂಬಂಧವಿದೆ. ಇಷ್ಟಲಿಂಗವೆಂದರೆ ದೀಕ್ಷೆಯಲ್ಲಿ ಗುರುವಿನಿಂದ ಪಡೆದು ಮೈಮೇಲೆ ಧರಿಸುವ ಪುಟ್ಟ ಲಿಂಗ. ಸ್ನಾನ ಮಾಡಿ, ವಿಭೂತಿ ಧರಿಸಿ, ಅದನ್ನು ಇಡುವ ಕರಡಿಗೆಯನ್ನು ತೆರೆದು, ಬಟ್ಟೆಯ ಸುತ್ತು ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಳ್ಳುತ್ತೇವೆ. ನೀರು, ವಿಭೂತಿ, ಪತ್ರೆ, ಹೂವು. ಆಮೇಲೆ ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅದರ ನಯವಾದ ಕಪ್ಪು ಮೈಯನ್ನು ರೆಪ್ಪೆ ಬಡಿಯದೆ ನೋಡುವುದು. ಹಿಂದೆ ದೀಪವಿದ್ದರೆ ಅದರ ಬೆಳಕಿನ ಚುಕ್ಕೆಯೊಂದು ಆ ಕಪ್ಪಿನಲ್ಲಿ ಮೂಡುತ್ತದೆ, ದೃಷ್ಟಿ ಅಲ್ಲಿ ನೆಡುತ್ತದೆ.

ದಿನವಿಡೀ ನಮ್ಮ ಕಣ್ಣು ಹೊರಗೆ ಓಡಾಡುತ್ತದೆ: ಅವರ ಸೀರೆ, ಇವರ ಕಾರು, ಅವರ ಮಗನ ಅಂಕಪಟ್ಟಿ. ನೋಡುವುದೆಂದರೆ ಅಳೆಯುವುದು ಎಂದೇ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿದೆ. ಅಂಗೈಯ ಲಿಂಗದಲ್ಲಿ ಅಳೆಯಲು ಏನೂ ಇಲ್ಲ, ಬೇರೆಯದಕ್ಕೆ ಹೋಲಿಸಲೂ ಬರುವುದಿಲ್ಲ. ಅಳೆಯದೆ ನೋಡುವುದು ಹೇಗೆಂಬುದನ್ನು ಕಣ್ಣು ಅಲ್ಲಿ ದಿನಕ್ಕೆ ಹತ್ತು-ಹದಿನೈದು ನಿಮಿಷ ಕಲಿಯುತ್ತದೆ. ಆ ನೋಟ ಅಡುಗೆಮನೆಗೆ, ಕಚೇರಿಗೆ ಬರಲು ಬಹಳ ಕಾಲ ಹಿಡಿಯುತ್ತದೆ ಎಂಬುದನ್ನೂ ಹೇಳಬೇಕು. ಪೂಜೆ ಮುಗಿಸಿ ಎದ್ದ ಐದೇ ನಿಮಿಷಕ್ಕೆ ಹಾಲಿನವನ ಮೇಲೆ ರೇಗಿದ ದಿನಗಳು ನನ್ನ ಬಳಿ ಬೇಕಾದಷ್ಟಿವೆ.

ಪ್ರಶ್ನೆ: ನಾನು ಲಿಂಗಧಾರಿಯಲ್ಲ. ಈ ದಾರಿ ನನಗೆ ಸಲ್ಲುತ್ತದೆಯೆ?

ಸಲ್ಲುತ್ತದೆ. ಏಳು ‘ಬೇಡ’ಗಳಲ್ಲಿ ಯಾವುದಕ್ಕೂ ದೀಕ್ಷೆಯ ಷರತ್ತಿಲ್ಲ. ನಮ್ಮ ಬಳಗಕ್ಕೆ ಬರುವ ಮುಸ್ಲಿಂ ದರ್ಜಿಯೊಬ್ಬರು ಈ ವಚನವನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ. ದೀಕ್ಷೆ ಬೇಕೆನಿಸಿದರೆ ಗುರುವಿನ ಬಳಿ ಕೇಳಿ. ಬೇಡವೆನಿಸಿದರೆ ನಿಮ್ಮ ಮನೆಯ ಪ್ರಾರ್ಥನೆಯನ್ನೇ ಗಟ್ಟಿಯಾಗಿ ಹಿಡಿಯಿರಿ.

ಪ್ರಶ್ನೆ: ಸಂಸಾರ, ಉದ್ಯೋಗ ಬಿಡದೆ ಇದು ಸಾಧ್ಯವೆ?

ಶರಣರ ದಾರಿಯೇ ಸಂಸಾರದ ನಡುವೆ ಹಾಕಿದ ದಾರಿ. ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು, ಮೋಳಿಗೆಯ ಮಾರಯ್ಯನವರು ಕಟ್ಟಿಗೆ ಹೊತ್ತು ಮಾರಿದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಯಾರ ಕಸುಬೂ ಕೀಳಲ್ಲ ಎಂಬುದು ಅಲ್ಲಿ ಭಾಷಣದ ವಿಷಯವಾಗಿರದೆ, ಶರಣರು ಕೂಡಿ ಚರ್ಚಿಸುತ್ತಿದ್ದ ಅನುಭವ ಮಂಟಪದಲ್ಲಿ ಯಾರ ಪಕ್ಕ ಯಾರು ಕೂರುತ್ತಿದ್ದರು ಎಂಬುದರಲ್ಲಿಯೇ ಕಾಣುತ್ತಿತ್ತು.

ಕಾಯಕದಲ್ಲಿ ಮುಳುಗಿದ ಮನುಷ್ಯನಿಗೆ ಪರರ ಲೆಕ್ಕ ಇಡಲು ಪುರುಸೊತ್ತು ಕಡಿಮೆ ಎಂಬುದೂ ಒಂದು ಸರಳ ಸತ್ಯ. ಗಳಿಸಿದ್ದರಲ್ಲಿ ಒಂದು ಪಾಲು ದಾಸೋಹಕ್ಕೆ ಹೋಗಬೇಕು ಎಂದಾಗ, ‘ನನ್ನದು’ ಎಂಬ ಹಿಡಿತವೂ ಸಡಿಲವಾಗುತ್ತದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು (1907–2019) ದಶಕಗಳ ಕಾಲ ಸಾವಿರಾರು ಮಕ್ಕಳಿಗೆ ಜಾತಿ ನೋಡದೆ ಅನ್ನ, ವಸತಿ, ವಿದ್ಯೆ ಕೊಟ್ಟದ್ದನ್ನು ಕಂಡವರಿಗೆ, ದಾಸೋಹವೆಂಬ ಆ ಹಳೆಯ ಪದ ನಮ್ಮ ಕಾಲದಲ್ಲಿ ಹೇಗಿರುತ್ತದೆಂದು ಬೇರೆ ವಿವರಿಸಬೇಕಾಗಿಲ್ಲ. ಮನೆಯ ಮಟ್ಟದಲ್ಲಿ ಅದು ದಿನಕ್ಕೊಂದು ಹಿಡಿ ಅಕ್ಕಿಯನ್ನು ಡಬ್ಬಿಯಲ್ಲಿ ತೆಗೆದಿಡುವುದರಿಂದ ಶುರುವಾಗಬಹುದು.

ಪ್ರಶ್ನೆ: ಮನೆಯಲ್ಲಿ ನಾನೊಬ್ಬಳೇ ಪೂಜೆ, ವಚನ ಎಂದು ಕೂರುವವಳು. ಉಳಿದವರು ಟಿವಿ ನೋಡುತ್ತ ಕೂತರೆ ಸಿಟ್ಟು ಬರುತ್ತದೆ. ತಪ್ಪೇ?

ಸಿಟ್ಟು ಬರುವುದು ಸಹಜ, ಆದರೆ ಇದರಷ್ಟು ಜಾರುವ ಜಾಗ ಈ ದಾರಿಯಲ್ಲಿ ಮತ್ತೊಂದಿಲ್ಲ. ಮೊದಲು ಬಟ್ಟೆ, ದುಡ್ಡು, ಅಂತಸ್ತು ನೋಡಿ ಜನರನ್ನು ಅಳೆಯುತ್ತಿದ್ದವರು, ಭಕ್ತಿಯ ಕಡೆ ತಿರುಗಿದ ಮೇಲೆ ಭಕ್ತಿಯಿಂದಲೇ ಅಳೆಯಲು ತೊಡಗುತ್ತಾರೆ. ಅಳತೆಗೋಲು ಬದಲಾಯಿತೇ ಹೊರತು ಅಳೆಯುವ ಕೈ ಅದೇ ಉಳಿಯಿತು. ‘ಎನಗಿಂತ ಕಿರಿಯರಿಲ್ಲ’ ಎಂದ ಬಸವಣ್ಣನವರು ಆಗ ಒಂದು ರಾಜ್ಯದ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರು ಎಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. ಟಿವಿ ನೋಡುತ್ತಿರುವ ನಿಮ್ಮ ಯಜಮಾನರು ದಿನವಿಡೀ ದುಡಿದು ಬಂದು ಕೂತಿರಬಹುದು. ಪೂಜೆಯಿಂದ ಎದ್ದು ಅವರ ಕೈಗೆ ಒಂದು ಲೋಟ ಮಜ್ಜಿಗೆ ಕೊಡಿ. ಪೂಜೆಗೆ ಕರೆಯಬೇಕಾದ ಅಗತ್ಯವಿಲ್ಲ.

ಪ್ರಶ್ನೆ: ನನ್ನನ್ನು ನಾನೇ ಹಳಿದುಕೊಳ್ಳುತ್ತೇನೆ. ಅದು ವಿನಯವೆ?

ಅಲ್ಲ. ‘ನಾನು ಯಾವುದಕ್ಕೂ ಬಾರದವನು’ ಎಂದು ಕೊರಗುವಾಗ ಗಮನವೆಲ್ಲ ನಮ್ಮ ಮೇಲೆಯೇ ಇರುತ್ತದೆ. ಭೃತ್ಯಾಚಾರದ ವಿನಯದಲ್ಲಿ ಗಮನ ಸೇವೆಯ ಮೇಲೆ ಇರುತ್ತದೆ. ಅಯ್ದಕ್ಕಿ ಮಾರಯ್ಯನವರು ಹೆಚ್ಚಿನ ಅಕ್ಕಿ ತಂದದ್ದಕ್ಕೆ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ, ಹೋಗಿ ಸುರಿದು ಬಂದರು. ತಪ್ಪು ಕಂಡ ಮೇಲೆ ಅಷ್ಟೇ ಕೆಲಸ. ಆದರೆ ಈ ಕೊರಗು ತಿಂಗಳುಗಟ್ಟಲೆ ಬಿಡದೆ, ನಿದ್ದೆ ಊಟ ಕೆಡಿಸಿ, ಬದುಕೇ ಬೇಡವೆನ್ನುವಲ್ಲಿಗೆ ತಂದಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ವಚನ ಓದುವುದು ಅದಕ್ಕೆ ಬದಲಿಯಲ್ಲ.

ಪ್ರಶ್ನೆ: ಬೇರೆಯವರು ನನ್ನನ್ನು ಹಳಿದರೆ?

ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗಿನ ಪ್ರಸಂಗವನ್ನು ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆ ಕಟ್ಟಿಕೊಡುತ್ತದೆ. ಉಟ್ಟದ್ದನ್ನು ತೊರೆದು ಕೇಶವನ್ನೇ ಮೈಗೆ ಮರೆಮಾಡಿಕೊಂಡು ಬಂದ ಆ ಹೆಣ್ಣುಮಗಳನ್ನು ಅಲ್ಲಮಪ್ರಭುಗಳು ತುಂಬಿದ ಸಭೆಯಲ್ಲಿ ಕಟುವಾಗಿ ಪರೀಕ್ಷಿಸುತ್ತಾರೆ: ಎಲ್ಲವನ್ನೂ ಬಿಟ್ಟವಳಿಗೆ ಕೂದಲಿನ ಮರೆ ಏಕೆ? ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆಯ ಬಣ್ಣ ಕೆಡುವುದಿಲ್ಲ ಎನ್ನುತ್ತಾರೆ ಅಕ್ಕ. ತನ್ನ ದೇಹವನ್ನು ಕಂಡು ನಿಮಗೆ ನೋವಾದೀತೆಂದು ಮರೆಮಾಡಿದೆ ಎನ್ನುತ್ತಾರೆ. ಕೊನೆಗೆ ಶರಣರೆಲ್ಲ ಆಕೆಗೆ ತಲೆಬಾಗುತ್ತಾರೆ.

ಅಕ್ಕನ ಉತ್ತರದಲ್ಲಿ ಅಳುಕಿಲ್ಲ, ಎದುರೇಟೂ ಇಲ್ಲ, ಪ್ರಶ್ನಿಸಿದವರ ಬಗ್ಗೆ ಕಾಳಜಿಯಿದೆ. ಆ ಎತ್ತರ ನಮಗೆ ಒಂದೇ ದಿನಕ್ಕೆ ಬರುವಂಥದ್ದಲ್ಲ. ನಮ್ಮ ಮಟ್ಟದಲ್ಲಿ ಮಾಡಬಹುದಾದದ್ದು ಇಷ್ಟು: ಹಳಿದ ಮಾತಿನಲ್ಲಿ ನಿಜವಿದೆಯೇ ನೋಡುವುದು, ಇದ್ದರೆ ತೆಗೆದುಕೊಳ್ಳುವುದು, ಇಲ್ಲದಿದ್ದರೆ ಒಮ್ಮೆ, ಒಂದೇ ಒಮ್ಮೆ, ಇದ್ದದ್ದನ್ನು ಹೇಳಿ ಸುಮ್ಮನಾಗುವುದು. ಹಳಿದವರ ಕಥೆಯನ್ನು ಮತ್ತೆ ನಾಲ್ಕು ಮನೆಗೆ ಹೇಳಿದರೆ ಹಳಿಯುವ ಸರದಿ ನಮ್ಮದಾಗುತ್ತದೆ.

ಪ್ರಶ್ನೆ: ನೆಂಟರು ಸೇರಿದಾಗ, ವಾಟ್ಸಾಪ್ ಗುಂಪುಗಳಲ್ಲಿ ಪರನಿಂದೆ ಶುರುವಾದರೆ ಎದ್ದು ಹೋಗಬೇಕೆ?

ಎದ್ದು ಹೋದರೆ ನೀವು ಹೋದ ಮೇಲೆ ನಿಮ್ಮ ಮಾತೇ ಆಗುತ್ತದೆ. ಉಪದೇಶ ಮಾಡಿದರೆ ನಿಮ್ಮನ್ನು ನೀವೇ ಬಣ್ಣಿಸಿಕೊಂಡಂತಾಗುತ್ತದೆ. ನಮ್ಮ ಸೋದರತ್ತೆ ಇದಕ್ಕೆ ಒಂದು ಉಪಾಯ ಮಾಡುತ್ತಿದ್ದರು. ಮದುವೆಮನೆಯಲ್ಲಿ ಹತ್ತು ಹೆಂಗಸರು ಕೂತು ಯಾರದೋ ಸೊಸೆಯನ್ನು ಆಡಿಕೊಳ್ಳುವಾಗ, ಎಲೆ ಅಡಿಕೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿ, ‘ಆ ಹುಡುಗಿ ನಮ್ಮ ಮನೆಗೆ ಬಂದಾಗ ನನ್ನ ಕಾಲು ಒತ್ತಿದಳವ್ವ’ ಎಂದು ತಾವು ಕಂಡ ಒಂದೇ ಒಂದು ಒಳ್ಳೆಯ ಸಂಗತಿಯನ್ನು ಹೇಳಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಾತು ತಾನಾಗಿ ಬೇರೆ ಕಡೆ ಹೊರಳುತ್ತಿತ್ತು. ವಾಟ್ಸಾಪಿನಲ್ಲಿ ಇನ್ನೂ ಸುಲಭ: ಬಂದದ್ದನ್ನು ಮುಂದಕ್ಕೆ ಕಳಿಸಬೇಡಿ.

ಪ್ರಶ್ನೆ: ಹೊಸದಾಗಿ ಆರಂಭಿಸುವವರು ಬೆಳಗಿನಲ್ಲಿ ಎಷ್ಟು ಹೊತ್ತು ಮೀಸಲಿಡಬೇಕು?

ಹತ್ತು ನಿಮಿಷ ಸಾಕು, ಆದರೆ ದಿನವೂ ಅದೇ ಹೊತ್ತಿಗೆ. ಫೋನನ್ನು ಬೇರೆ ಕೋಣೆಯಲ್ಲಿಟ್ಟು ಕೂರಿ. ಕೊನೆಗೆ ಒಂದು ವಚನವನ್ನು ಬಾಯಿಬಿಟ್ಟು ಓದಿ. ಒಂದೇ ವಚನವನ್ನು ಒಂದು ವಾರವಿಡೀ ಓದಿದರೂ ಆಗಬಹುದು. ಏಳುವ ಮುಂಚೆ, ನಿನ್ನೆ ಯಾರನ್ನು ಮನಸ್ಸಿನಲ್ಲಿ ತಳ್ಳಿದಿರೋ ಅವರ ಹೆಸರನ್ನು ಒಮ್ಮೆ ನೆನೆದು ‘ಶರಣು’ ಎನ್ನಿ. ಮೊದಲ ಕೆಲವು ದಿನ ಆ ಪದ ಗಂಟಲಿನಲ್ಲೇ ಸಿಕ್ಕಿಕೊಳ್ಳುತ್ತದೆ, ಆದರೂ ಅನ್ನಿ.